ಬರೆಯಬಾರದ ದಿನದ ಹನಿಗಳು

ಭಾನುವಾರ, ಏಪ್ರಿಲ್ 22, 2018

ಬೆಳಗಿನ ಜಾವ ಕೆಟ್ಟ ಕನಸು. ನಮ್ಮ ಅಡುಗೆಮನೆಯಲ್ಲಿ ನನ್ನ ತಮ್ಮ ಪ್ರಾಸ್ಪರ್ ಕೂತಿದ್ದ. ಅವನು ಸತ್ತು ಹನ್ನೊಂದು ವರ್ಷ ಆಯಿತು, ಆದರೂ ಅಂಗಿ ಮಾತ್ರ ಅದೇ, ಜೈಲಿನಿಂದ ಬಂದ ದಿನ ಹಾಕಿಕೊಂಡಿದ್ದ ನೀಲಿ ಅಂಗಿ. ಅವನ ತೊಡೆಯ ಮೇಲೆ ನನ್ನ ಮಗಳು ಶಿಲಾತ್. ನಗುತ್ತಿದ್ದಳು. ಅವಳು ಯಾರ ತೊಡೆಯ ಮೇಲೂ ಕೂರುವವಳಲ್ಲ, ಅದಕ್ಕೇ ಭಯವಾಯಿತು. ಹತ್ತಿರ ಹೋಗಿ ನೋಡಿದರೆ ಅವಳ ಕಣ್ಣು ಕೆಂಪಗೆ, ಥೇಟ್ ಪ್ರಾಸ್ಪರನ ಕಣ್ಣು. "ಯಾಕೆ ಹೆದರ್ತೀಯ ಫಾನಿ, ನೀನೇ ಅಲ್ವಾ ಕೊಟ್ಟಿದ್ದು," ಅಂದ.

ಎದ್ದು ಬಾಗಿಲ ಮೇಲಿನ ಚಿಲಕ ಮೂರು ಸಲ ನೋಡಿದೆ. ಹಾಕಿತ್ತು. ಬಾಗಿಲಿಗೆ ಅಡ್ಡವಾಗಿ ನಾನೇ ಹಾಸಿಗೆ ಹಾಕಿಕೊಂಡು ಮಲಗುವುದು, ಅವಳು ದಾಟಿ ಹೋಗುವ ಹಾಗೇ ಇಲ್ಲ, ಆದರೂ ನೋಡಿದೆ. ಹತ್ತು ವರ್ಷದ ಹುಡುಗಿ, ಈಗೀಗ ಕುರ್ಚಿ ಎಳೆದುಕೊಂಡು ಹತ್ತುವುದು ಕಲಿತಿದ್ದಾಳೆ.

ಸೀಸೆ ನಿನ್ನೆಮೊನ್ನೆಯಿಂದ ಬೀರುವಿನಲ್ಲಿದೆ. ಬೆರಳುದ್ದದ ಕಂದು ಸೀಸೆ. ಆಲಿವ್ ಎಣ್ಣೆಯಲ್ಲಿ ಗಾಂಜಾದ ಸತ್ವ. ಸರ್ಕಾರದ ಮೊಹರು ಹಾಕಿದ ಪರವಾನಗಿ ಕಾಗದವೂ ಜೊತೆಗಿದೆ, ಮಗಳ ಹೆಸರಲ್ಲಿ, ಕಾಯಿಲೆಯ ಜಾಗದಲ್ಲಿ ಆಟಿಸಂ ಅಂತ ಬರೆದಿದೆ. ನೆತ್ತಿಗೇರುವ ಭಾಗ ಒಂದಾದರೆ ಶಾಂತ ಮಾಡುವ ಭಾಗ ಇಪ್ಪತ್ತು ಇರುತ್ತದೆ, ನಿಮ್ಮ ತಮ್ಮ ಸೇದುತ್ತಿದ್ದದ್ದೇ ಬೇರೆ ಇದೇ ಬೇರೆ ಅಂತ ಡಾಕ್ಟರು ಎರಡೆರಡು ಸಲ ಹೇಳಿದರು. ತಲೆ ಆಡಿಸಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ತಲೆ ಆಡಿಸದೆ ಇನ್ನೇನು ಮಾಡುತ್ತಾಳೆ.

ಈ ನೋಟ್‌ಬುಕ್ ಡಾಕ್ಟರದ್ದೇ. ದಿನಾ ಬೆಳಿಗ್ಗೆ ಎಷ್ಟು ಹನಿ, ಸಂಜೆ ಎಷ್ಟು, ಎಷ್ಟು ನಿದ್ದೆ, ಎಷ್ಟು ಸಲ ಹೊಡೆದಳು ಕಚ್ಚಿದಳು, ತಲೆ ಎಷ್ಟು ಸಲ ಗೋಡೆಗೆ ಚಚ್ಚಿಕೊಂಡಳು, ಒಂದು ದಿನಕ್ಕೆ ಒಂದು ಸಾಲು. ಅದು ಮುಂಭಾಗದ ಪುಟಗಳಲ್ಲಿ. ಹಿಂಭಾಗದಿಂದ ತಿರುಗಿಸಿ ನಾನು ನನಗೇ ಬರೆದುಕೊಳ್ಳುತ್ತಿದ್ದೇನೆ. ಇಲ್ಲಿ ಅಕ್ಷರ ಕೋಳಿ ಕೆದರಿದ ಹಾಗಿದೆ, ಯಾರಿಗೂ ಓದಲಾಗುವುದಿಲ್ಲ, ಒಳ್ಳೆಯದೇ ಆಯಿತು.

ಜುಲೈ ಹತ್ತಕ್ಕೆ ಸರ್ಕಾರದ ಸಮಿತಿ ಕೂರುತ್ತದೆ. ಅಲ್ಲಿಯವರೆಗೆ ಏನೂ ಬದಲಾಗದಿದ್ದರೆ ಶಿಲಾತ್ ಉತ್ತರದಲ್ಲಿರುವ ಇಂಥ ಮಕ್ಕಳ ಆಶ್ರಮಕ್ಕೆ. ಮೂರು ಗಂಟೆ ದಾರಿ. ಒಂದು ಮಂಚ ಅವಳಿಗೆ ಅಂತ ಕಾದಿಟ್ಟಿದ್ದಾರಂತೆ. ಒಪ್ಪಿಗೆ ಕಾಗದ ಮೇಜಿನ ಖಾನೆಯಲ್ಲಿದೆ. ನನ್ನ ಗಂಡ ಅರ್ಮಾನ್ ಸಹಿ ಹಾಕಿಬಿಟ್ಟಿದ್ದಾನೆ. ನನ್ನ ಜಾಗ ಖಾಲಿ ಇದೆ.

ಸೋಮವಾರ, ಏಪ್ರಿಲ್ 23

ಮೊದಲ ಹನಿ ಕೊಟ್ಟೆ. ಬಿಳಿ ಚೀಸಿನಲ್ಲಿ ಕಲಸಿ, ಯಾಕೆಂದರೆ ಅವಳು ಬಿಳಿಯದು ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಅತ್ತೆ ಎದುರುಮನೆಯಿಂದ ಬಂದು ಬಾಗಿಲಲ್ಲೇ ನಿಂತಿದ್ದರು, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ಮಗೀಗೆ ಹಶೀಶ್ ಕುಡಿಸ್ತಿದ್ದೀಯಲ್ಲೇ! ನಿಮ್ಮ ಮನೇಲಿ ಒಬ್ಬ ಹಾಳಾಗಿದ್ದು ಸಾಲಲಿಲ್ವಾ?"

"ಡಾಕ್ಟರು ಕೊಟ್ಟಿದ್ದು ಅತ್ತೆ."

"ಡಾಕ್ಟರು! ನನ್ನ ಮೊಣಕಾಲಿಗೂ ಡಾಕ್ಟರೇ ಮಾತ್ರೆ ಕೊಟ್ಟಿದ್ದು. ನೋಡು ಹೆಂಗೆ ಕುಣೀತಿದ್ದೀನಿ." ಆಮೇಲೆ ಹತ್ತಿರ ಬಂದು ಸೀಸೆಯ ಕುತ್ತಿಗೆಗೆ ಒಂದು ಕೆಂಪು ದಾರ ಕಟ್ಟಿದರು. ದೃಷ್ಟಿ ತಾಗಬಾರದಂತೆ. ಬೈಯುತ್ತಲೇ ಕಟ್ಟಿದರು.

ಒಂದು ಗಂಟೆ ಹೊತ್ತು ಮಗಳ ಎದುರಿಗೇ ಕೂತು ಕಣ್ಣು ಕೆಂಪಾಗುತ್ತದಾ ಅಂತ ನೋಡಿದೆ. ಆಗಲಿಲ್ಲ. ನನ್ನದೇ ಕೆಂಪಾಯಿತು.

ಬುಧವಾರ, ಮೇ 2

ಏನೂ ಇಲ್ಲ. ಹತ್ತು ದಿನದಿಂದ ಏನೂ ಇಲ್ಲ. ಇವತ್ತು ಮಧ್ಯಾಹ್ನ ಬೀದಿಯಲ್ಲಿ ಯಾರೋ ಗೋಡೆ ಕೊರೆಯುತ್ತಿದ್ದರು, ಆ ಸದ್ದಿಗೆ ಶಿಲಾತ್ ತಲೆ ಚಚ್ಚಿಕೊಳ್ಳಲು ಶುರು ಮಾಡಿದಳು. ನಡುವೆ ದಿಂಬು ಹಿಡಿದೆ, ಮೊಣಕೈ ಕೆಳಗೆ ಕಚ್ಚಿದಳು. ಹಳೆಯ ಗಾಯದ ಮೇಲೇ. ಕೆಳಗಿನ ಮನೆಯ ಗಲೀನಾ ಪೊರಕೆ ಹಿಡಿಯಿಂದ ತನ್ನ ಸೂರಿಗೆ ಕುಟ್ಟಿದಳು, ಡಬ್ ಡಬ್ ಡಬ್, ಅದು ಕೇಳಿ ಇವಳು ಇನ್ನೂ ಜೋರಾದಳು.

ಹೊಡೆದದ್ದು, ಕಚ್ಚಿದ್ದು, ಚಚ್ಚಿಕೊಂಡದ್ದು ಎಲ್ಲ ಸೇರಿ ವಾರಕ್ಕೆ ಮೂವತ್ತೊಂದು. ಮುಂಭಾಗದಲ್ಲಿ ಬರೆದಿದ್ದೇನೆ.

ಅರ್ಮಾನ್ ಬಸ್ ಡಿಪೋದಿಂದ ಬಂದು ನನ್ನ ಕೈಗೆ ಪಟ್ಟಿ ಸುತ್ತಿದ. ಅವನ ಬೆರಳಿನಲ್ಲಿ ಗ್ರೀಸಿನ ವಾಸನೆ.

"ಇನ್ನು ಐದು ವರ್ಷಕ್ಕೆ ಇವಳು ನಿನಗಿಂತ ಎತ್ತರ ಇರ್ತಾಳೆ ಫಾನಿ. ಆಗ ಯಾರು ಹಿಡೀತಾರೆ?"

"ನಾನೇ."

"ನಿನ್ನನ್ನ ಯಾರು ಹಿಡೀತಾರೆ?"

"ಅವಳಿಗೆ ಮಾತು ಬರಲ್ಲ ಅರ್ಮಾನ್. ಅಲ್ಲಿ ಯಾರಾದ್ರೂ ಹೊಡೆದ್ರೂ ಅವಳಿಗೆ ಹೇಳೋಕೆ ಬರಲ್ಲ."

ಅವನು ಪಟ್ಟಿಯ ತುದಿ ಹಲ್ಲಲ್ಲಿ ಹರಿದು ಗಂಟು ಹಾಕಿದ. ಇಂಥ ಸೆಕೆಯಲ್ಲೂ ನಾನು ತುಂಬುತೋಳಿನ ಅಂಗಿ ಹಾಕಿಕೊಂಡೇ ಶಾಲೆಯ ಅಡುಗೆಮನೆ ಕೆಲಸಕ್ಕೆ ಹೋಗಬೇಕು. ಇಲ್ಲದಿದ್ದರೆ ಆ ಹೆಂಗಸರೆಲ್ಲ ಅರ್ಮಾನ್ ಹೊಡೆಯುತ್ತಾನೆ ಅಂದುಕೊಳ್ಳುತ್ತಾರೆ.

ಶುಕ್ರವಾರ, ಮೇ 4

ದೀಪ ಹಚ್ಚಲು ಇನ್ನು ಇಪ್ಪತ್ತು ನಿಮಿಷ, ಬೇಗ ಬರೆಯಬೇಕು. ದೀಪ ಹಚ್ಚಿದರೆ ಶಬ್ಬಾತ್, ನಮ್ಮ ಯಹೂದಿಗಳ ವಿಶ್ರಾಂತಿಯ ದಿನ, ನಾಳೆ ನಕ್ಷತ್ರ ಕಾಣುವವರೆಗೆ ಪೆನ್ನು ಮುಟ್ಟುವ ಹಾಗಿಲ್ಲ. ಕಳೆದ ಶಬ್ಬಾತ್ ಬೆಳಗಿನ ಹನಿ ಕೊಟ್ಟೆನೋ ಇಲ್ಲವೋ ಅಂತ ಸಾಯಂಕಾಲದವರೆಗೂ ಅದೇ ಯೋಚನೆ. ಔಷಧಿಯ ವಿಷಯಕ್ಕೆ ಒಂದು ಗುರುತು ಮಾಡಿಕೊಳ್ಳಬಹುದಾ ಅಂತ ರಬ್ಬಿಯನ್ನು ಕೇಳಬೇಕಿತ್ತು. ಕೇಳಿದರೆ ಯಾವ ಔಷಧಿ ಅನ್ನುತ್ತಾರೆ. ಕೇಳಲಿಲ್ಲ.

ನಾನೇ ಒಂದು ಉಪಾಯ ಮಾಡಿದ್ದೇನೆ. ಅಡುಗೆಮನೆ ಕಿಟಕಿಯ ದಾರದ ಮೇಲೆ ಎರಡು ಬಟ್ಟೆ ಕ್ಲಿಪ್ಪು. ಬೆಳಗಿನದಕ್ಕೆ ಕೆಂಪು, ಸಂಜೆಯದಕ್ಕೆ ನೀಲಿ. ಎರಡೂ ಎಡಕ್ಕಿರುತ್ತವೆ. ಹನಿ ಕೊಟ್ಟವರು ಕ್ಲಿಪ್ಪನ್ನು ಬಲಕ್ಕೆ ಸರಿಸಬೇಕು. ಬರೆದ ಹಾಗೂ ಆಗಲಿಲ್ಲ, ಮರೆತ ಹಾಗೂ ಆಗಲಿಲ್ಲ. ಅರ್ಮಾನ್‌ಗೂ ಅತ್ತೆಗೂ ಎರಡೆರಡು ಸಲ ಹೇಳಿಸಿ ಕೇಳಿದೆ.

"ನಾನು ಓದು ಬಾರದೋಳು, ನನಗೇ ಅರ್ಥ ಆಯ್ತು. ಸಾಕು ಬಿಡೇ," ಅಂದರು ಅತ್ತೆ.

ಗುರುವಾರ, ಮೇ 24

ಮನೆ ಸುಮ್ಮನಿದೆ. ನನಗೆ ಇದು ಹಿಡಿಸುತ್ತಿಲ್ಲ.

ಹನಿ ಹೊತ್ತಿಗೆ ಏಳಕ್ಕೇರಿದೆ. ಶಿಲಾತ್ ಬಾಲ್ಕನಿಯ ಮೂಲೆಯಲ್ಲಿ ಕೂತು ಕ್ಲಿಪ್ಪು ಸಾಲಾಗಿ ಜೋಡಿಸುತ್ತಾಳೆ, ಕೆಡಿಸುತ್ತಾಳೆ, ಮತ್ತೆ ಜೋಡಿಸುತ್ತಾಳೆ. ಮೊದಲಾದರೆ ಯಾರಾದರೂ ಹತ್ತಿರ ಹೋದರೆ ಕೂಗು. ಈಗ ನಾನು ಪಕ್ಕದಲ್ಲೇ ಬಟ್ಟೆ ಒಣಹಾಕಿದರೂ ಅವಳ ಪಾಡಿಗೆ ಅವಳು. ಕಿವಿಗೇನಾದರೂ ಆಯಿತಾ ಅಂತ ಹಿಂದಿನಿಂದ ಮೆಲ್ಲಗೆ ಚಪ್ಪಾಳೆ ತಟ್ಟಿದೆ. ತಿರುಗಿ ನೋಡಿದಳು. ನನ್ನ ಮುಖವನ್ನೇ ನೋಡಿದಳು. ಕಿವಿ ಸರಿಯಿದೆ.

ಸಂಜೆ ಯಾರೋ ಬಾಗಿಲು ತಟ್ಟಿದರು. ಗಲೀನಾ. ಪುರಸಭೆಗೆ ದೂರು ಕೊಟ್ಟೇ ಬಂದಿದ್ದಾಳೆ ಅಂದುಕೊಂಡೆ.

"ಹುಡುಗಿಗೆ ಹುಷಾರಿಲ್ವಾ?" ಅಂತ ಕೇಳಿದಳು.

"ಹುಷಾರಾಗೇ ಇದ್ದಾಳಲ್ಲ. ಯಾಕೆ?"

"ಪೊರಕೇಲಿ ಬರೀ ನೆಲ ಗುಡಿಸ್ತಾ ಇದ್ದೀನಿ ಎರಡು ವಾರದಿಂದ. ಮೇಲೆ ಯಾರಾದ್ರೂ ಸತ್ತರೇನೋ ಅಂದ್ಕೊಂಡೆ." ಕೈಗೆ ಒಂದು ಬಾಟಲಿ ಚೆರ್ರಿ ಜಾಮ್ ತುರುಕಿ ಇಳಿದು ಹೋದಳು.

ಅವಳು ಯಾಕೆ ಕೊಟ್ಟಳು? ಸಮಿತಿಯವರು ಯಾರಾದರೂ ಅವಳನ್ನು ವಿಚಾರಿಸಿದರಾ? ಈ ವಾರದ ಸಂಖ್ಯೆ ಮುಂಭಾಗದಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ, ಒಳ್ಳೆಯದನ್ನು ಎರಡು ಸಲ ಎಣಿಸಿದರೆ ದೃಷ್ಟಿಯಾಗುತ್ತದೆ. ನಾನೇ ಎಣಿಸುವುದರಲ್ಲಿ ತಪ್ಪಿದ್ದೇನೋ ಏನೋ.

ಶನಿವಾರ, ಜೂನ್ 9, ಮೂರು ನಕ್ಷತ್ರ ಕಂಡ ಮೇಲೆ

ಆದದ್ದು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ನಾನು ಏಳು ಹನಿ ಕೊಟ್ಟೆ. ಕೆಂಪು ಕ್ಲಿಪ್ಪು ಬಲಕ್ಕೆ ಸರಿಸಿದೆ. ಸರಿಸಿದ್ದು ಚೆನ್ನಾಗಿ ನೆನಪಿದೆ. ಅರ್ಮಾನ್ ಪ್ರಾರ್ಥನೆಗೆ ಹೋದ. ಸೋಫಾದ ಮೇಲೆ ಸುಮ್ಮನೆ ಕೂತೆ, ಕೂತಲ್ಲೇ ನಿದ್ದೆ ಹೋದೆ. ಹಗಲಲ್ಲಿ ನಿದ್ದೆ! ಅವಳು ಹುಟ್ಟಿದ ಮೇಲೆ ಒಂದು ದಿನವಾದರೂ ಹಗಲಲ್ಲಿ ಕಣ್ಣು ಮುಚ್ಚಿದವಳಲ್ಲ ನಾನು. ಇವತ್ತೇ ಮುಚ್ಚಬೇಕಾ.

ಎಚ್ಚರವಾದಾಗ ಅರ್ಮಾನ್ ಸಿಂಕಿನ ಹತ್ತಿರ ನಿಂತಿದ್ದ, ಚಮಚ ಅದ್ದಿಡುತ್ತಾ. "ಮಲಗಿದ್ದೆ ಅಂತ ಎಬ್ಬಿಸಲಿಲ್ಲ. ಹನಿ ನಾನೇ ಕೊಟ್ಟೆ," ಅಂದ.

"ಯಾವ ಹನಿ?"

"ಬೆಳಗಿಂದು. ಮರೆತಿದ್ದೆಯಲ್ಲ. ಕೆಂಪು ಎಡಕ್ಕೇ ಇತ್ತು."

ಕಿಟಕಿ ನೋಡಿದೆ. ಈಗ ಕೆಂಪು ಬಲಕ್ಕಿತ್ತು, ಅವನು ಸರಿಸಿದ್ದ. ಶಿಲಾತ್ ಕಿಟಕಿಯ ಕೆಳಗೆ ಕುರ್ಚಿಯ ಮೇಲೆ ನಿಂತು ಕೈ ಚಾಚಿ ಮತ್ತೆ ಅದನ್ನು ಎಡಕ್ಕೆ, ನೀಲಿಯ ಪಕ್ಕಕ್ಕೆ ಕೂರಿಸುತ್ತಿದ್ದಳು. ನಮ್ಮ ಕಣ್ಣೆದುರಿಗೇ. ಸಾಲು ತಪ್ಪಿದರೆ ಅವಳಿಗೆ ಆಗುವುದಿಲ್ಲ, ಅದು ಈ ಮನೆಯ ಗೋಡೆಗೂ ಗೊತ್ತು. ನನಗೆ ಯಾಕೆ ಹೊಳೆಯಲಿಲ್ಲ?

ಒಂದೇ ಹೊತ್ತಿಗೆ ಹದಿನಾಲ್ಕು ಹನಿ.

ಹನ್ನೆರಡಕ್ಕೆ ಮಲಗಿದಳು. ಒಂದೂವರೆಗೆ ಅತ್ತೆ ದಫೀನಾದ ಪಾತ್ರೆ ಹಿಡಿದು ಬಂದರು, ಮಾಂಸ ಗೋಧಿ ಮೊಟ್ಟೆ ಎಲ್ಲ ನಿನ್ನೆಯಿಂದ ಬೆಂದು ಘಮ ಬರುತ್ತಿತ್ತು. ಅವಳನ್ನು ಎಬ್ಬಿಸಿದೆ. ಏಳಲಿಲ್ಲ. ಕೆನ್ನೆ ತಟ್ಟಿದೆ, ಮುಖ ಆಚೆ ತಿರುಗಿಸಿದಳು ಅಷ್ಟೆ. ಕೈ ಎತ್ತಿ ಬಿಟ್ಟರೆ ಬಟ್ಟೆಯ ಹಾಗೆ ಬೀಳುತ್ತಿತ್ತು. ಪ್ರಾಸ್ಪರನ ಕೈಯೂ ಹೀಗೇ ಬಿದ್ದಿತ್ತು.

ಫೋನು ಕಪಾಟಿನ ಮೇಲಿತ್ತು. ನಾನೂ ಅರ್ಮಾನೂ ಅದನ್ನೇ ನೋಡುತ್ತಾ ನಿಂತೆವು. ಮದುವೆಯಾಗಿ ಹದಿನೆಂಟು ವರ್ಷ, ಶಬ್ಬಾತ್ ದಿನ ಈ ಮನೆಯಲ್ಲಿ ಫೋನು ಮುಟ್ಟಿದವರಿಲ್ಲ. ಇಷ್ಟಕ್ಕೇ ಮುಟ್ಟಬಹುದಾ, ಬರೀ ನಿದ್ದೆಯಾದರೆ ಪಾಪ ತಾಗುತ್ತದಾ, ಫೋನು ಮಾಡಿದರೆ ಆ ಕಡೆಯವರಿಗೆ ಏನಂತ ಹೇಳುವುದು, ಹೇಳಿದ್ದನ್ನು ಬರೆದುಕೊಳ್ಳುತ್ತಾರಾ, ಸಮಿತಿಗೆ ಹೋಗುತ್ತದಾ. ಇಷ್ಟೆಲ್ಲ ಯೋಚಿಸಿದೆ, ದೇವರು ಕ್ಷಮಿಸಲಿ, ಮಗಳು ಅಲ್ಲಿ ಬಿದ್ದಿರುವಾಗ.

ಅತ್ತೆ ಪಾತ್ರೆಯನ್ನು ದಡಕ್ಕನೆ ಕೆಳಗಿಟ್ಟರು.

"ಏನ್ ನೋಡ್ತಿದ್ದೀರ ಇಬ್ರೂ, ಮದುವೆ ಫೋಟೋಗೆ ನಿಂತೋರ ಹಂಗೆ? ಜೀವದ ವಿಷಯ ಬಂದ್ರೆ ಶಬ್ಬಾತ್ ಪಕ್ಕಕ್ಕೆ ಸರಿಯುತ್ತೆ, ಅದೂ ಗೊತ್ತಿಲ್ವಾ? ಕೊಡಿ ಇಲ್ಲಿ!"

ಕನ್ನಡಕ ಇಲ್ಲದೆ ಅವರೇ ಒತ್ತಿದರು. ಟ್ಯಾಕ್ಸಿಯವನು ಎತ್ತಿದ. "ನಿನ್ನ ಮನೆ ಹಾಳಾಗ, ಶಬ್ಬಾತ್ ದಿನ ಗಾಡಿ ಓಡಿಸ್ತೀಯಾ!" ಅಂತ ಅವನಿಗೂ ಬೈದು ಇಟ್ಟು, ಎರಡನೇ ಸಲ ಅರ್ಮಾನ್ ಕೈಗೆ ಕೊಟ್ಟರು.

ಆಸ್ಪತ್ರೆಯ ಪಾಳಿ ಡಾಕ್ಟರು ಒಬ್ಬಳು ಹುಡುಗಿ, ದನಿ ಎಳೆಯದು. ತುಟಿಯ ಬಣ್ಣ ನೋಡಿ, ಒಂದು ನಿಮಿಷಕ್ಕೆ ಎಷ್ಟು ಉಸಿರು ಎಣಿಸಿ, ಕಾಲು ಗಂಟೆಗೊಮ್ಮೆ ಎಬ್ಬಿಸಿ, ಮಾತಾಡಿಸಿದ್ದಕ್ಕೆ ಅಲುಗದಿದ್ದರೆ ತಕ್ಷಣ ಕರೆದುಕೊಂಡು ಬನ್ನಿ ಅಂದಳು. ಫೋನು ಕಿವಿಗೇ ಇಟ್ಟುಕೊಂಡು ಎಣಿಸಿದೆವು. ಹದಿನೆಂಟು. ಹದಿನೇಳು. ಹದಿನೆಂಟು. ಅತ್ತೆ ಮಂಚದ ಕಾಲಿನ ಹತ್ತಿರ ನೆಲದಲ್ಲಿ ಕೂತು ಮೊಣಕಾಲು ಉಜ್ಜಿಕೊಳ್ಳುತ್ತಾ ಕೀರ್ತನೆ ಹೇಳುತ್ತಿದ್ದರು. ಓದು ಬಾರದವರು, ಎಲ್ಲ ಬಾಯಲ್ಲೇ.

ಮೂರು ಇಪ್ಪತ್ತಕ್ಕೆ ಶಿಲಾತ್ ಕಣ್ಣು ಬಿಟ್ಟು ನನ್ನ ಕೈಯನ್ನು ತಳ್ಳಿದಳು. ಎದ್ದು ನೇರ ಅಡುಗೆಮನೆಗೆ ಹೋಗಿ ದಫೀನಾದೊಳಗೆ ಕೈ ಹಾಕಿ ಒಂದು ಮೊಟ್ಟೆ ತೆಗೆದಳು. ಸುಲಿದು ತಿಂದಳು. ರಾತ್ರಿಯಿಡೀ ಬೆಂದು ಒಳಗೂ ಕಂದಾದ ಮೊಟ್ಟೆ, ಬಿಳಿಯದಲ್ಲ. ಇದೂ ಆ ಎಣ್ಣೆಯ ಅಮಲೇ ಇರಬೇಕು. ಬಿಳಿಯದಲ್ಲದ್ದನ್ನು ಅವಳು ಯಾಕೆ ತಿನ್ನುತ್ತಾಳೆ?

ಭಾನುವಾರ, ಜೂನ್ 10

ಮುಂಭಾಗದಲ್ಲಿ ನಿನ್ನೆಯ ಸಾಲು ಖಾಲಿ.

ಮಂಗಳವಾರ, ಜೂನ್ 12

ನಾಳೆ ಡಾಕ್ಟರ ಹತ್ತಿರ ಹೋಗಬೇಕು. ಇದೇ ನೋಟ್‌ಬುಕ್ ಅವರು ನೋಡುತ್ತಾರೆ, ಮುಂಭಾಗದ ಪುಟಗಳ ನಕಲು ಸಮಿತಿಗೆ ಹೋಗುತ್ತದೆ. "ಬೆಳಗಿನ ಹನಿ ಏಳು ಅಂತ ಬರೆದುಬಿಡು. ಯಾರು ನೋಡಿದ್ದಾರೆ," ಅಂದ ಅರ್ಮಾನ್. ಅವನು ಹೇಳುವುದೂ ಸರಿ. ಹದಿನಾಲ್ಕು ಅಂತ ಬರೆದರೆ, ತಂದೆತಾಯಿಯೇ ಲೆಕ್ಕ ತಪ್ಪಿ ಮಗುವಿಗೆ ಎರಡು ಸಲ ಕುಡಿಸಿದ ಮನೆಯಲ್ಲಿ ಮಗುವನ್ನು ಯಾರು ಬಿಡುತ್ತಾರೆ? ನಾನಾಗಿದ್ದರೂ ಬಿಡುತ್ತಿರಲಿಲ್ಲ.

ಏಳು ಅಂತ ಬರೆದೆ. ಒಣಗಿತು.

ಸಾರಿಗೆ ಉಪ್ಪು ಹಾಕುವಾಗ ಅಮ್ಮನ ನೆನಪಾಯಿತು. ಪ್ರಾಸ್ಪರ್ ಅಮಲಿನಲ್ಲಿ ಮೂರು ದಿನ ಏಳದಿದ್ದಾಗಲೂ ಬಾಗಿಲಿಗೆ ಬಂದವರಿಗೆಲ್ಲ ಅಮ್ಮ ಹೇಳುತ್ತಿದ್ದದ್ದು ಒಂದೇ, ಹುಡುಗನಿಗೆ ನೆಗಡಿ. ಡಾಕ್ಟರಿಗೂ ನೆಗಡಿ ಅಂತಲೇ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. ನಾನೂ ತಲೆ ಆಡಿಸಿದೆ.

ಒಲೆ ಆರಿಸಿ ಬಂದು ಏಳನ್ನು ಹೊಡೆದು ಹಾಕಿ ಹದಿನಾಲ್ಕು ಅಂತ ಬರೆದೆ. ಪಕ್ಕದಲ್ಲಿ ಯಾಕೆ ಅಂತಲೂ. ಪುಟ ಕೊಳಕಾಗಿದೆ. ಈಗ ಕಳಿಸಿಬಿಡುತ್ತಾರೆ. ನನ್ನ ಕೈಯಾರೆ ನಾನೇ.

ಬುಧವಾರ, ಜೂನ್ 13

ಡಾಕ್ಟರು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಎರಡು ಸಲ ಓದಿದರು.

"ಇದನ್ನ ನಾನು ವರದೀಲಿ ಬರೀಲೇಬೇಕು," ಅಂದರು.

"ಗೊತ್ತು."

"ಕ್ಲಿಪ್ಪು ಅವಳೇ ಸರಿಸಿದ್ದಾ? ಕುರ್ಚಿ ಎಳೆದುಕೊಂಡು?" ನಕ್ಕರೋ ಏನೋ, ಮೀಸೆಯಲ್ಲಿ ಗೊತ್ತಾಗಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹನಿ ಏರಿಸುವುದಿಲ್ಲ, ಏಳೇ ಸಾಕು. ಕೆಲವು ಮಕ್ಕಳಿಗೆ ಈ ಎಣ್ಣೆಯಿಂದ ಏನೂ ಆಗುವುದಿಲ್ಲ, ಕೆಲವರಿಗೆ ಇನ್ನೂ ಕೆರಳುತ್ತದೆ, ಇವಳ ವಿಷಯ ಈಗಲೇ ಏನೂ ಹೇಳಲಾರೆ ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ, "ಅಲ್ಲ ಕಣೇ ಫಾನಿ, ಶಬ್ಬಾತ್ ಅಡುಗೆ ನಾವು ಯಾವಾಗ ಮಾಡಿಡ್ತೀವಿ?"

"ಶುಕ್ರವಾರ."

"ಮತ್ತೆ ಔಷಧೀನೂ ಶುಕ್ರವಾರವೇ ಮಾಡಿಡೋಕೇನು ರೋಗ? ಸೂಜಿ ಇಲ್ಲದ ಸಿರಿಂಜು ತಗೊಂಡು ಬಾ. ಎರಡರಲ್ಲಿ ತುಂಬಿಸಿ ತಟ್ಟೇಲಿಡು. ಖಾಲಿ ಇದ್ರೆ ಕೊಟ್ಟಾಯ್ತು, ತುಂಬಿದ್ರೆ ಕೊಟ್ಟಿಲ್ಲ. ಎಪ್ಪತ್ತೆಂಟು ವರ್ಷದೋಳಿಗೆ ಹೊಳೆಯುತ್ತೆ, ನಿಮಗೆ ಕ್ಲಿಪ್ಪು, ದಾರ, ಸರ್ಕಸ್ಸು."

ಹಶೀಶ್ ಅಂತ ಅನ್ನಲಿಲ್ಲ. ಔಷಧಿ ಅಂದರು. ಬಿಸಿಲಿಗೆ ತಲೆ ಸುತ್ತಿತ್ತೇನೋ.

ಮಂಗಳವಾರ, ಜುಲೈ 10

ಸಮಿತಿ ಮುಗಿಯಿತು. ಐದು ಜನ, ಉದ್ದ ಮೇಜು, ನಡುವೆ ಬಿಸ್ಕತ್ತು, ಯಾರೂ ಮುಟ್ಟಲಿಲ್ಲ. ನಮ್ಮ ಸಮಾಜ ಕಾರ್ಯಕರ್ತೆ ಒರ್ನಿತ್ ನೋಟ್‌ಬುಕ್ಕಿನ ನಕಲನ್ನು ಒಂದೊಂದೇ ಪುಟ ತಿರುಗಿಸಿದಳು. ಕೊನೆಯಲ್ಲಿ ಕೂತಿದ್ದ ಬೋಳುತಲೆಯವರು ಕೇಳಿದರು, "ಇಲ್ಲಿ ಹೊಡೆದು ಹಾಕಿದ್ದೀರಲ್ಲ?"

"ಮೊದಲು ಸುಳ್ಳು ಬರೆದಿದ್ದೆ," ಅಂದೆ. ಬಾಯಿಂದ ಹಾಗೇ ಬಂತು. ಅರ್ಮಾನ್ ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. "ಭಯ ಆಗಿತ್ತು. ಅವಳನ್ನ ಕರ್ಕೊಂಡು ಹೋಗ್ತೀರ ಅಂತ."

"ಈಗ ಭಯ ಇಲ್ವಾ?"

"ಈಗಲೂ ಇದೆ."

ನಮ್ಮನ್ನು ಹೊರಗೆ ಕೂರಿಸಿದರು. ನಲವತ್ತು ನಿಮಿಷ. ಆಮೇಲೆ ಒರ್ನಿತ್ ಬಂದು ನನ್ನ ಪಕ್ಕ ಕೂತಳು. "ಮೂವತ್ತೊಂದರಿಂದ ನಾಲ್ಕಕ್ಕೆ ಇಳಿದಿದೆ ಅಂತ ಬರೆದಿದ್ದೀರಲ್ಲ, ಅದನ್ನ ಒಳಗಿದ್ದೋರು ನಂಬಿದ್ದು ಯಾಕೆ ಗೊತ್ತಾ? ಆ ಕೊಳಕು ಸಾಲು ಇರೋದ್ರಿಂದ," ಅಂದಳು. ಉತ್ತರದ ಮಂಚವನ್ನು ಬೇರೊಂದು ಮಗುವಿಗೆ ಕೊಡುತ್ತಾರಂತೆ. ಶಿಲಾತ್ ಮನೆಯಲ್ಲೇ. ಚಳಿಗಾಲದಲ್ಲಿ ಮತ್ತೆ ನೋಡುತ್ತಾರೆ.

ಚಳಿಗಾಲಕ್ಕೆ ಇನ್ನೆಷ್ಟು ದಿನ ಇದೆ? ಆಗ ಮತ್ತೆ ಮೂವತ್ತೊಂದಾದರೆ? ಆ ಮಂಚಕ್ಕೆ ಹೋಗುವ ಮಗು ಯಾರದೋ.

ಬಸ್ಸಿನಲ್ಲಿ ಅರ್ಮಾನ್ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದ. ಡಿಪೋದ ಧೂಳಿಗೆ ನೆಗಡಿ ಹಿಡಿದಿರಬೇಕು. ಮನೆಗೆ ಬಂದವನು ಖಾನೆಯಿಂದ ಆ ಒಪ್ಪಿಗೆ ಕಾಗದ ತೆಗೆದು ನಾಲ್ಕು ಚೂರು ಮಾಡಿ ಕಸದ ಡಬ್ಬಿಗೆ ಹಾಕಿದ. ಸರ್ಕಾರದ ಕಾಗದ ಹರಿಯಬಹುದಾ ಅಂತ ಒಂದು ಮಾತೂ ಕೇಳಲಿಲ್ಲ.

ಶನಿವಾರ, ಜುಲೈ 14, ಸಂಜೆ

ಶಬ್ಬಾತ್ ಈಗಷ್ಟೇ ಮುಗಿಯಿತು. ಬೆನ್ನು ನೋವು. ಒಂದು ವಾರದಿಂದ ಮಂಚದ ಮೇಲೆ ಮಲಗುತ್ತಿದ್ದೇನಲ್ಲ, ಹಾಸಿಗೆ ಮೆತ್ತಗಾಗಿಬಿಟ್ಟಿದೆ, ಬಾಗಿಲ ಹತ್ತಿರದ ನೆಲವೇ ವಾಸಿಯಿತ್ತು.

ಇವತ್ತು ಸೆಕೆ ತಡೆಯಲಾಗದೆ ಅರ್ಧತೋಳಿನ ಅಂಗಿ ಹಾಕಿಕೊಂಡಿದ್ದೆ. ಸಂಜೆ ಬಾಲ್ಕನಿಯಲ್ಲಿ ಕೂತಿದ್ದಾಗ ಶಿಲಾತ್ ಬಂದು ನನ್ನ ಮುಂದೆ ನಿಂತಳು. ಕೈಯಲ್ಲಿ ಆ ಕೆಂಪು ಕ್ಲಿಪ್ಪು. ನನ್ನ ತೋಳು ಹಿಡಿದು ತಿರುಗಿಸಿದಳು, ಕಚ್ಚಿದ ಕಲೆಗಳಿದ್ದ ಕಡೆಗೆ. ಇನ್ನೇನು ಕಚ್ಚುತ್ತಾಳೆ ಅಂದುಕೊಂಡೆ. ಕಚ್ಚಲಿಲ್ಲ. ಕಲೆಗಳ ಮೇಲ್ಗಡೆ ಅಂಗಿತೋಳಿನ ಅಂಚಿಗೆ ಕ್ಲಿಪ್ಪು ಸಿಕ್ಕಿಸಿದಳು. ಸರಿಯಾಗಿ ಕೂತಿದೆಯಾ ಅಂತ ಬೆರಳಿಂದ ಒಂದು ಸಲ ಮುಟ್ಟಿ ನೋಡಿದಳು. ಆಮೇಲೆ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತು ಬೆನ್ನನ್ನು ನನ್ನ ಕಾಲಿಗೆ ಆನಿಸಿದಳು. ಅದು ಇನ್ನೂ ನನ್ನ ತೋಳಿನ ಮೇಲಿದೆ, ತೆಗೆದರೆ ಕೂಗುತ್ತಾಳೇನೋ ಅಂತ ಹಾಗೇ ಬಿಟ್ಟಿದ್ದೇನೆ.

ನನಗೆ ಬಂದ ಯೋಚನೆ ಒಂದೇ. ಕ್ಲಿಪ್ಪಿನ ಕಟ್ಟಳೆ ಬಿಟ್ಟು ತಿಂಗಳಾಯಿತು. ಇವಳು ಈಗ ಯಾಕೆ ತಂದಳು? ಹನಿ ಕೊಟ್ಟಿಲ್ಲ ಅಂತ ಹೇಳುತ್ತಿದ್ದಾಳಾ? ಕೊಟ್ಟಾಯಿತು ಅಂತಲಾ? ಸಂಜೆಯದನ್ನು ಕೊಟ್ಟದ್ದು ನಾನೋ ಅರ್ಮಾನೋ? ಏಳೋಣ ಅಂದರೆ ಅವಳು ಕಾಲಿಗೆ ಒರಗಿಕೊಂಡಿದ್ದಾಳೆ, ಅಲುಗುವ ಹಾಗಿಲ್ಲ. ಕೂತಲ್ಲಿಂದಲೇ ಒಳಗೆ ಕೂಗಿದೆ.

"ಎರಡೂ ಖಾಲಿ ಕಣೇ," ಅಂದರು ಅತ್ತೆ ಅಡುಗೆಮನೆಯಿಂದ. "ಆಗಲೇ ಹೇಳಲಿಲ್ವಾ?"

"ನಿಮ್ಮ ಕನ್ನಡಕ ಎಲ್ಲಿದೆ?"

"ಸಿರಿಂಜು ಖಾಲಿ ಇರೋದು ನೋಡೋಕೆ ಕನ್ನಡಕ ಬೇಕಾ?"

"ಹಾಕ್ಕೊಳ್ಳಿ ಅತ್ತೆ. ಎರಡನೇದು ಪೂರ್ತಿ ಖಾಲೀನಾ, ತಳದಲ್ಲಿ ಏನಾದ್ರೂ ಉಳಿದಿದೆಯಾ, ಇನ್ನೊಂದು ಸಲ ನೋಡಿ."